ಗಂಡೋ ಹೆಣ್ಣೋ, ಹೊಟ್ಟಿ ಕೆಳಗ ನೋಡ್ರಿ

ಸೂಪರ್ ಮಾರ್ಕೆಟ್ ಕಡೆ ಸಾಕೋ ಮೀನಿನ ಅಂಗಡಿಯಾಗ ಇವತ್ತ ಒಬ್ರು ಕ್ರೇಫಿಶ್ (ಸಿಗಡಿಯಂಥ, ಇಕ್ಕಳ ಇರೋ ನೀರಿನ ಪ್ರಾಣಿ) ನೋಡಿ ಕೇಳ್ಲಿಕತ್ತಿದ್ರು: "ಅಣ್ಣಾ, ಇಕ್ಕಳ ದೊಡ್ಡದಿದ್ರ ಗಂಡೇನ್ರಿ?"

ಹಂಗ ಹೇಳ್ಲಿಕ್ಕೆ ಬರಂಗಿಲ್ರಿ. ಮುರಿದು ಮತ್ತ ಬೆಳೆದ ಇಕ್ಕಳ ಗಂಡಿಂದಾದ್ರೂ ಸಣ್ಣದೇ.

ಕ್ರೇಫಿಶ್ ತೊಟ್ಟಿ ಗಾಜು ಹಿಡದು ಎದ್ದು ನಿಂತಾಗ ಹೊಟ್ಟಿಗೆ ಮೊಬೈಲ್ ಟಾರ್ಚ್ ಹಿಡೀರಿ. ಕೈಯಾಗ ಎತ್ತೋದಾದ್ರ ಇಕ್ಕಳದ ಹಿಂದ, ಬೆನ್ನಿನ ಚಿಪ್ಪಿಗೆ ಎರಡು ಬೆರಳು. ಪೊರೆ ಬಿಟ್ಟು ಮೆತ್ತಗಿದ್ದಾಗ ಮಾತ್ರ ಮುಟ್ಟಬ್ಯಾಡ್ರಿ.

ಇಕ್ಕಳ ಬಿಟ್ಟು 4 ಜೋಡಿ ಕಾಲು ಎಣಿಸ್ರಿ. ಕೊನೇ ಜೋಡಿ ನಡುವ, ಬಾಲದ ಕಡಿಂದ ಮುಂದಕ್ಕ ಮಲಗಿದ ಗಟ್ಟಿ ಕಡ್ಡಿಯಂಥವು 2 ಜೋಡಿ ಇದ್ರ ಗಂಡು.
ಕಡ್ಡಿ ಇಲ್ಲ, 2ನೇ ಜೋಡಿ ಕಾಲಿನ ಬುಡದಾಗ ದುಂಡನ ತೂತು ಅದ ಅಂದ್ರ ಹೆಣ್ಣು. ಬಾಲದ ಕೆಳಗಿನ ಮೆತ್ತನ ಈಜುಗಾಲು ಇಬ್ಬರಿಗೂ ಇರ್ತಾವ, ಅಲ್ಲೇ ಮೋಸ ಹೋಗ್ತಾರ.

ಇದು ಅಮೆರಿಕದ ಕೆಂಪು, ನೀಲಿ ಜಾತಿ ಮಾತು. ಆಸ್ಟ್ರೇಲಿಯಾದ ರೆಡ್‌ಕ್ಲಾ ಜಾತಿಗೆ ಆ ಕಡ್ಡಿನೇ ಇರಂಗಿಲ್ಲ. ತೂತೇ ನೋಡಬೇಕು, ಗಂಡಿಗೆ ಕೊನೇ ಜೋಡಿ ಬುಡದಾಗ. ಬೆಳೆದ ಗಂಡಿನ ಇಕ್ಕಳದ ಹೊರ ಅಂಚಿಗೆ ಕೆಂಪು ಮಚ್ಚಿ.

ಮಾರ್ಬಲ್ ಕ್ರೇಫಿಶ್ ತಂದೋರು ಹುಡುಕೋದೇ ಬ್ಯಾಡ. ಎಲ್ಲಾ ಹೆಣ್ಣೇ! ಒಂದೇ ಇದ್ರೂ ತೊಟ್ಟಿ ತುಂಬ ಮರಿ. ಹೆಚ್ಚಾದ್ವು ಅಂತ ಕೆರಿಗೆ, ಭೀಮಾ ನದಿಗೆ ಮಾತ್ರ ಬಿಡಬ್ಯಾಡ್ರಪ್ಪಾ.