ಎಷ್ಟು ಮೆಟ್ಟಿಲು ಸಾರ್?

"ರೈಲಿಳಿದವರು ನಮ್ಮ ಬಸ್ಸಿಗೆ ಬರೋಕೆ ಎಷ್ಟು ಮೆಟ್ಟಿಲು ಹತ್ತಿ ಇಳೀಬೇಕು ಸಾರ್?"

ಕೇಳಿದವರು ಬಸ್ ನಿಲ್ದಾಣದ ಸಂಚಾರ ನಿಯಂತ್ರಕರು. ಮೇಲಧಿಕಾರಿ ರಜೆ ಅಂತ ನಮ್ಮ ಆಯ್ಕೆ ಸಮಿತಿಯ ಸಭೆಗೆ ಬದಲಿಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಗಾಜಿನ ಚಾವಣಿ, ಅದರಡಿ ಬಿಸಿಲುಕೋಲು, ಲಗೇಜೇ ಇಲ್ಲದೆ ನಗುತ್ತ ನಡೆಯುವ ಜನ. ವಿನ್ಯಾಸದ ಕೆಲಸ ಕೇಳಿ ಬಂದಿದ್ದ ತಂಡದ ಮುಖ್ಯಸ್ಥ ಒಂದು ಕ್ಷಣ ನಿಂತು, "ಅದನ್ನ ಡೀಟೇಲ್ಡ್ ಡಿಸೈನ್‌ನಲ್ಲಿ ನೋಡೋಣ" ಅಂದ. ಹುಡುಗ ಕೆಟ್ಟವನಲ್ಲ. ಉತ್ತರ ಕೊಡದೇ ಇರೋದನ್ನ ಇಷ್ಟು ಚೆಂದವಾಗಿ ಕಲಿತವರನ್ನ ಮಾತ್ರ ನಾನು ನೋಡಿಲ್ಲ.

ಊರು ಯಾವುದು ಅಂತ ಹೇಳೋ ಹಾಗಿಲ್ಲ. ರೈಲು, ಸಿಟಿ ಬಸ್ಸು, ಹೊರಊರಿನ ಬಸ್ಸು, ಆಟೋ ಎಲ್ಲವನ್ನೂ ಒಂದೇ ಸೂರಿನಡಿ ತರೋ ಯೋಜನೆ. ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಪಾಠ ಮಾಡೋ ನಾನು ಅದರ ವಿನ್ಯಾಸಕ್ಕೆ ತಂಡ ಆರಿಸೋ ಸಮಿತಿಗೆ 'ಹೊರಗಿನ ತಜ್ಞೆ'.

ಆಮೇಲೆ ಬಂದ ತಂಡದ್ದು ಸೊರಗಿದ ಸ್ಲೈಡುಗಳು. ಅವರ ಹಿರಿಯ ಎಂಜಿನಿಯರ್ ಬೆಳಗಿನ ನಾಲ್ಕೂವರೆಗೆ ನಿಲ್ದಾಣದಲ್ಲಿ ನಿಂತು ತಲೆಹೊರೆ ಹೊತ್ತವರನ್ನ ಎಣಿಸಿದ್ದರಂತೆ. ಯಾರು ಯಾವ ಗೇಟಿಂದ ಎಲ್ಲಿಗೆ ಓಡ್ತಾರೆ ಅಂತ ಪೆನ್ಸಿಲ್ಲಲ್ಲಿ ಬರೆದ ನಕ್ಷೆ ತಂದಿದ್ದರು. ಮಾತು ತಡವರಿಸುತ್ತಿತ್ತು, ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು.

ಇನ್ನು ಲೆಕ್ಕ. ನಿಜವಾದ ಅಂಕಿ ಗುಟ್ಟು, ಅರ್ಥವಾಗಲಿ ಅಂತ ಬೇರೆ ಅಂಕಿ ಇಡ್ತೀನಿ. ಗುಣಮಟ್ಟಕ್ಕೆ 70, ದರಕ್ಕೆ 30. ತಾಂತ್ರಿಕ ಅಂಕ ನೂರಕ್ಕೆ 75 ದಾಟಿದವರ ದರದ ಲಕೋಟೆ ಮಾತ್ರ ತೆರೀತಾರೆ. (ಲಕೋಟೆ ಅನ್ನೋದು ಮಾತಿಗೆ, ಈಗೆಲ್ಲ ಪೋರ್ಟಲ್ಲೇ.) ಪೆನ್ಸಿಲ್ಲಿನವರಿಗೆ 88, ದರ ನಾಲ್ಕು ಕೋಟಿ. ಗಾಜಿನವರಿಗೆ 76, ದರ ಎರಡು ಕೋಟಿ. ಕಡಿಮೆ ದರದವರಿಗೆ ದರದಲ್ಲಿ ಪೂರ್ತಿ 30, ದುಪ್ಪಟ್ಟು ಕೇಳಿದವರಿಗೆ 15. ತಾಂತ್ರಿಕ ಅಂಕದ ಶೇಕಡ 70ನ್ನ ಇದಕ್ಕೆ ಕೂಡಿದರೆ ಪೆನ್ಸಿಲ್ಲಿನವರ 76.6ರ ಎದುರು ಗಾಜಿನವರಿಗೆ 83.2. ತಿಂಗಳುಗಟ್ಟಲೆ ಜನ ಎಣಿಸೋಕೆ ದುಡ್ಡು ಬೇಕು, ಚಿತ್ರಕ್ಕೆ ಅಷ್ಟು ಬೇಡ.

ಇಷ್ಟೇ ಆಗಿದ್ದರೆ ನಿಯಮಗಳನ್ನ ಬೈದು ಸುಮ್ಮನಾಗ್ತಿದ್ದೆ. ಗಾಜಿನವರು ಗಡಿ ದಾಟಿದ್ದು ಒಂದೇ ಅಂಕದಲ್ಲಿ, ಇದು ಮಾತ್ರ ಬದಲಿಸಿದ ಅಂಕಿಯಲ್ಲ. 'ಕಾರ್ಯವಿಧಾನ' ಅನ್ನೋ ಕಾಲಮ್ಮಿಗೆ ಹತ್ತಕ್ಕೆ ಎಂಟು ಕೊಡೋಣ ಅಂದವಳು ನಾನು. ಆ ಬಿಸಿಲುಕೋಲು ನಿಜಕ್ಕೂ ಚೆನ್ನಾಗಿತ್ತು. ಸಂಚಾರ ನಿಯಂತ್ರಕರ ಪ್ರಶ್ನೆ ಆಗಲೇ ಮುಗಿದಿತ್ತು, ಅದಕ್ಕೆ ಕಾಲಮ್ಮೇ ಇರಲಿಲ್ಲ. ಆರು ಕೊಟ್ಟಿದ್ದರೆ ಆ ಲಕೋಟೆ ತೆರೆಯುತ್ತಲೇ ಇರಲಿಲ್ಲ.

ತರಗತಿಯಲ್ಲಿ ನಾನೇ ಪ್ರತಿ ವರ್ಷ ಬೆಂಗಳೂರಿನ ಬೈಯಪ್ಪನಹಳ್ಳಿಯ ಉದಾಹರಣೆ ಕೊಡ್ತೀನಿ. ಅಲ್ಲಿ ಮೆಟ್ರೋ ಬಂದಿದ್ದು 2011ರಲ್ಲಿ, ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ರೈಲು ಬಂದಿದ್ದು 2022ರಲ್ಲಿ. ನಕ್ಷೆಯಲ್ಲಿ ಅಕ್ಕಪಕ್ಕ, ಸೂಟ್‌ಕೇಸ್ ಎಳೆದವರಿಗೆ ಗೊತ್ತು ನಡುವೆ ಎಷ್ಟು ದೂರ ಅಂತ. ಮಕ್ಕಳು ನೋಟ್ಸ್ ಬರ್ಕೋತಾರೆ.

ಶನಿವಾರ ಹುಬ್ಬಳ್ಳಿಯಿಂದ ದೊಡ್ಡಮ್ಮ ಬಂದರು. ರೈಲ್ವೆ ಸ್ಟೇಷನ್ನಿನಿಂದ ಮೆಜೆಸ್ಟಿಕ್ ಮೆಟ್ರೋಗೆ ಕರ್ಕೊಂಡು ಹೊರಟೆ. ಎಸ್ಕಲೇಟರ್ ಮುಂದೆ ಸೀರೆ ನೆರಿಗೆ ಹಿಡಿದು ನಿಂತುಬಿಟ್ಟರು, "ಇದರ ಮ್ಯಾಲೆ ನಾ ಕಾಲಿಡಂಗಿಲ್ಲವ್ವಾ." ನಮ್ಮ ಯಾವ ಡ್ರಾಯಿಂಗಿನಲ್ಲೂ ಎಸ್ಕಲೇಟರಿಗೆ ಹೆದರೋರು ಇರಲ್ಲ. ಲಿಫ್ಟ್ ಹುಡುಕೋಣ ಅಂದರೆ ಅದೂ ಬೇಡವಂತೆ. ರೊಟ್ಟಿ ಬುತ್ತಿ ನನ್ನ ಕೈಗೆ ಕೊಟ್ಟು ಮೆಟ್ಟಿಲ ಕಡೆ ತಿರುಗಿದರು.

ನಾನು ಹಿಂದಿನಿಂದ ಎಣಿಸತೊಡಗಿದೆ. ಹದಿನೇಳಕ್ಕೆ ಅವರು ನಿಂತರು. ಕಂಬಿ ಹಿಡಿದು, ಉಸಿರು ಬಿಟ್ಟು, ತಿರುಗಿ ನೋಡಿ ಕೇಳಿದರು: "ಇನ್ನೂ ಎಷ್ಟದಾವ?"