ನಿಂತೇ ನುಡಿಸಬೇಕಾದ ಗಿಟಾರ್

ಮಂಗಳೂರಿನ ಕದ್ರಿಯಲ್ಲಿರುವ ನನ್ನ ಮನೆಯ ಗೋಡೆಯ ಮೇಲೆ ಎರಡು ಎಲೆಕ್ಟ್ರಿಕ್ ಗಿಟಾರ್‌ಗಳು ತೂಗುತ್ತವೆ. ಒಂದು, ಗಿಟಾರ್ ಎಂದ ಕೂಡಲೇ ಯಾರ ಕಣ್ಣ ಮುಂದಾದರೂ ಬರುವಂಥ, ನಡು ಸಣ್ಣಗಾಗಿ ಅಂಚು ದುಂಡಗಾದ ವಾದ್ಯ. ಇನ್ನೊಂದು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ್ದು. ಕುತ್ತಿಗೆಯ ಬುಡದಿಂದ ಎರಡು ರೆಕ್ಕೆಗಳು ಕವಲೊಡೆದು ಹಿಂದಕ್ಕೆ ಚಾಚಿವೆ, ಅವುಗಳ ನಡುವೆ ಬರೀ ಖಾಲಿ ಜಾಗ. ಬೆಳಿಗ್ಗೆ ಅಭ್ಯಾಸಕ್ಕೆಂದು ಕುಳಿತಾಗ ಕೈ ಮೊದಲನೆಯದರತ್ತ ಹೋಗುತ್ತದೆ. ಸಂಜೆ ಬ್ಯಾಂಡಿನ ಗೆಳೆಯರು ಬಂದು ಡ್ರಮ್ಸ್ ಶುರುವಾದರೆ ಎರಡನೆಯದನ್ನು ಇಳಿಸಿಕೊಳ್ಳುತ್ತೇನೆ. ಹದಿನೆಂಟು ವರ್ಷಗಳಿಂದ ಇದು ಹೀಗೆಯೇ ನಡೆದುಬಂದಿದೆ, ಮತ್ತು ಇದಕ್ಕೆ ಕಾರಣವೇನೆಂದು ನನಗೆ ಸ್ಪಷ್ಟವಾದದ್ದು ಇತ್ತೀಚೆಗೆ.

ನನ್ನ ಬಳಿ ಕಲಿಯಲು ಬರುವ ಮಕ್ಕಳ ತಂದೆತಾಯಂದಿರು ಆ ವಿ ಗಿಟಾರನ್ನು ಕಂಡಾಗ, ರಾಕ್ ನುಡಿಸುವವರಿಗೆ ಇಂಥ ಆಕಾರ ಯಾಕೆ ಬೇಕು, ಇದರಿಂದ ಸ್ವರ ಬೇರೆಯಾಗುತ್ತದೆಯೇ ಎಂದು ಕೇಳುತ್ತಾರೆ. ಸ್ವರದ ಮಟ್ಟಿಗೆ ಉತ್ತರ ಸುಲಭ. ವೀಣೆ ಮಾಡುವವರು ಅದರ ಬುಡದಲ್ಲಿರುವ ಟೊಳ್ಳು ಕೊಡದ ಆಕಾರವನ್ನು ಮನಸ್ಸಿಗೆ ಬಂದಂತೆ ಬದಲಿಸಲಾರರು. ಹಲಸಿನ ಮರವನ್ನು ಎಷ್ಟು ತೆಳುವಾಗಿ ಕೊರೆಯಬೇಕು, ಒಳಗೆ ಎಷ್ಟು ಗಾಳಿಗೆ ಜಾಗವಿರಬೇಕು ಎಂಬುದನ್ನು ಅವಲಂಬಿಸಿಯೇ ಅದರ ನಾದವಿದೆ. ವಿದ್ಯುತ್ತಿಲ್ಲದೆ ಟೊಳ್ಳು ಪೆಟ್ಟಿಗೆಯಿಂದಲೇ ನುಡಿಯುವ ಅಕೌಸ್ಟಿಕ್ ಗಿಟಾರ್‌ಗೂ ಅದೇ ಕಟ್ಟುಪಾಡು. ಒಳಗೆ ಟೊಳ್ಳಿಲ್ಲದ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ಈ ಕಟ್ಟಿನಿಂದ ಹೊರಬಂದ ವಾದ್ಯ. ತಂತಿಗಳ ಕೆಳಗಿರುವ ಪಿಕಪ್ ಎಂದರೆ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಅಯಸ್ಕಾಂತ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಆ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ ಹುಟ್ಟುತ್ತದೆ, ಅದು ಧ್ವನಿವರ್ಧಕವಾದ ಆಂಪ್‌ಗೆ ಹೋಗಿ ಹಿಗ್ಗಿ ಧ್ವನಿಯಾಗುತ್ತದೆ. ಮಿಡಿಯುವ ತಂತಿಯ ಉದ್ದ ಎಷ್ಟು (ಅಮೆರಿಕದ ಗಿಬ್ಸನ್ ಕಂಪನಿಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಸುಮಾರು 628 ಮಿಲಿಮೀಟರ್, ಇನ್ನೊಂದು ಕಂಪನಿಯಾದ ಫೆಂಡರ್‌ನವುಗಳಲ್ಲಿ 648), ಪಿಕಪ್ ಯಾವ ಜಾಗದಲ್ಲಿ ಕುಳಿತಿದೆ, ಅದು ಯಾವ ಬಗೆಯದು ಎಂಬವುಗಳಿಂದ ಸ್ವರ ಬದಲಾಗುವುದು ಯಾರ ಕಿವಿಗಾದರೂ ಗೊತ್ತಾಗುತ್ತದೆ. ಮರದ ಹೊರ ಅಂಚು ದುಂಡಗಿದೆಯೇ ಚೂಪಾಗಿದೆಯೇ ಎಂಬುದನ್ನು ಕಣ್ಣು ಮುಚ್ಚಿ ಕೇಳಿ ಹೇಳುವವರನ್ನು ನಾನು ಇನ್ನೂ ಕಂಡಿಲ್ಲ.

ಹೀಗೆ ಆಕಾರಕ್ಕೆ ಬಿಡುಗಡೆ ಸಿಕ್ಕಿದ್ದರೂ ಅದನ್ನು ಬಳಸಿಕೊಳ್ಳಲು ಕೆಲವು ವರ್ಷಗಳೇ ಬೇಕಾದವು. 1950ರ ದಶಕದ ಮೊದಲ ಗಟ್ಟಿ ಮರದ ಗಿಟಾರ್‌ಗಳು ಹಳೆಯ ಪೆಟ್ಟಿಗೆ ಗಿಟಾರಿನ ನೆರಳಿನಲ್ಲಿಯೇ ಇದ್ದವು. 1954ರಲ್ಲಿ ಬಂದ ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್ ಎರಡು ಕೊಂಬುಗಳನ್ನು ಚಾಚಿ, ಪಕ್ಕೆಲುಬಿಗೆ ಒತ್ತದಂತೆ ಬೆನ್ನನ್ನು ಸವರಿಕೊಂಡು ಹುಟ್ಟಿತು. ಅದರ ಎದುರು ಗಿಬ್ಸನ್ ಎಂದರೆ ಹಳೆಯ ಕಾಲದ ಕಂಪನಿ ಎಂಬ ಭಾವನೆ ಬೆಳೆಯತೊಡಗಿದಾಗ, ಅಂದಿನ ಅಧ್ಯಕ್ಷ ಟೆಡ್ ಮೆಕಾರ್ಟಿಯವರ ಮುಂದಾಳತ್ವದಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಲಮಜೂ ಊರಿನ ಕಾರ್ಖಾನೆಯಿಂದ 1958ರಲ್ಲಿ ಎರಡು ಗಿಟಾರ್‌ಗಳು ಹೊರಬಂದವು: ವಿ ಆಕಾರದ ಫ್ಲೈಯಿಂಗ್ ವಿ ಮತ್ತು ಕೋನಕೋನವಾದ ಎಕ್ಸ್‌ಪ್ಲೋರರ್. ಎರಡೂ ಆಫ್ರಿಕಾದ ಲಿಂಬಾ ಎಂಬ ತಿಳಿಹಳದಿ ಮರದವು. ಕಂಪನಿ ಆ ಮರವನ್ನು ಕೊರಿನಾ ಎಂದು ಕರೆದು ಮಾರಿತು. ಕೊಳ್ಳುವವರು ಬರಲಿಲ್ಲ. ಆ ಮೊದಲ ಸುತ್ತಿನಲ್ಲಿ ತಯಾರಾದ ಫ್ಲೈಯಿಂಗ್ ವಿಗಳ ಸಂಖ್ಯೆ ನೂರರ ಆಸುಪಾಸಿನಲ್ಲಿಯೇ ನಿಂತಿತು, ಎಕ್ಸ್‌ಪ್ಲೋರರ್ ಅದಕ್ಕಿಂತಲೂ ಕಡಿಮೆ. ವಿ ಮತ್ತೆ ಕಾರ್ಖಾನೆಯಿಂದ ಕ್ರಮವಾಗಿ ಬರತೊಡಗಿದ್ದು 1967ರಲ್ಲಿ, ಎಕ್ಸ್‌ಪ್ಲೋರರ್ 1970ರ ದಶಕದ ನಡುವಿನಲ್ಲಿ.

ಆ ಮೊದಲ ವಿಗಳಲ್ಲಿ ನನ್ನ ಮನಸ್ಸಿನಲ್ಲಿ ಬೇರೂರಿದ ಒಂದು ಸಣ್ಣ ಭಾಗವಿದೆ. ಕೆಳಗಿನ ರೆಕ್ಕೆಯ ಅಂಚಿಗೆ ಗೀರುಗೀರಾದ ರಬ್ಬರ್ ಪಟ್ಟಿಯೊಂದನ್ನು ಕೂರಿಸಿದ್ದರು. ಕುಳಿತು ನುಡಿಸುವವರ ತೊಡೆಯಿಂದ ಗಿಟಾರ್ ಜಾರಿ ಬೀಳದಿರಲಿ ಎಂಬುದು ಅದರ ಉದ್ದೇಶ. ಗಿಟಾರ್ ಎಂದರೆ ಕುರ್ಚಿಯ ಮೇಲೆ ಕುಳಿತು ತೊಡೆಯ ಮೇಲಿಟ್ಟು ನುಡಿಸುವ ವಾದ್ಯ ಎಂಬ ನಂಬಿಕೆ ಆಗ ಎಷ್ಟು ಗಟ್ಟಿಯಾಗಿತ್ತೆಂದರೆ, ತೊಡೆಯ ಮೇಲೆ ನಿಲ್ಲಲಾರದ ಗಿಟಾರನ್ನು ರೂಪಿಸಿದ ಕಾರ್ಖಾನೆಯವರೂ ಅದನ್ನು ಬಿಡಲಾರದೆ ಹೋದರು. ದುಂಡು ಗಿಟಾರಿನ ನಡುವಿನಲ್ಲಿ ತೊಡೆ ಕೂರುವಂತೆ ಒಂದು ತಗ್ಗಿರುತ್ತದೆ. ವಿಗೆ ಆ ತಗ್ಗು ಇಲ್ಲ, ಇರುವುದು ಇಳಿಜಾರು. ನನ್ನ ಗಿಟಾರಿಗೆ ಆ ರಬ್ಬರ್ ಪಟ್ಟಿಯೂ ಇಲ್ಲ. ಕುರ್ಚಿಯಲ್ಲಿ ಕುಳಿತು ಅದನ್ನು ತೊಡೆಯ ಮೇಲಿಟ್ಟರೆ ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಅದು ಮೊಣಕಾಲಿಗೆ ಬಂದಿರುತ್ತದೆ, ನುಡಿಸಬೇಕಾದ ಎಡಗೈ ಗಿಟಾರನ್ನು ಹಿಡಿದುಕೊಳ್ಳುವ ಕೆಲಸಕ್ಕೆ ಇಳಿದಿರುತ್ತದೆ. ಆದ್ದರಿಂದ ಎದ್ದು ನಿಲ್ಲಲೇಬೇಕು. ಈ ವಾದ್ಯದ ಸೆಳೆತದ ಮೂಲ ನನಗೆ ಕಂಡಿರುವುದು ಇಲ್ಲಿಯೇ.

ನಿಂತಾಗ ನುಡಿಸಾಣಿಕೆ ಬೇರೆಯಾಗುತ್ತದೆ ಎಂಬುದು ನಮ್ಮ ಕರಾವಳಿಯವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ತೆಂಕುತಿಟ್ಟಿನ ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರು ಕುಳಿತಿರುತ್ತಾರೆ, ಮದ್ದಳೆಯವರು ಕುಳಿತಿರುತ್ತಾರೆ, ಚೆಂಡೆಯವರು ಮಾತ್ರ ಹೆಗಲಿಗೆ ಚೆಂಡೆ ಹಾಕಿಕೊಂಡು ನಿಂತಿರುತ್ತಾರೆ. ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸುವ ಹೊತ್ತಿಗೆ ಚೆಂಡೆಯವರ ಭುಜ, ಸೊಂಟ, ಊರಿದ ಪಾದ ಎಲ್ಲವೂ ಆ ಪೆಟ್ಟಿನೊಳಗೆ ಸೇರುತ್ತವೆ; ಅದೇ ಕೈ ಕುಳಿತು ಬಾರಿಸಿದರೆ ಆ ಪೆಟ್ಟು ಹುಟ್ಟುವುದಿಲ್ಲ. ರಾಕ್ ಸಂಗೀತದ ರಿದಮ್ ಗಿಟಾರ್‌ನಲ್ಲಿ ಬಲಗೈಯ ಪೆಟ್ಟು ಹಾಗೆಯೇ ಮೈಯಿಂದ ಬರಬೇಕು. ಕುಳಿತವನ ಪೆಟ್ಟು ಮಣಿಕಟ್ಟಿನಿಂದ ಬರುತ್ತದೆ, ನಿಂತವನ ಪೆಟ್ಟು ಹಿಮ್ಮಡಿಯಿಂದ ಹೊರಡುತ್ತದೆ. ವೇದಿಕೆಯ ಮುಂದೆ ದೂರದಲ್ಲಿ ನಿಂತವರಿಗೆ ಆ ಚೂಪು ರೆಕ್ಕೆ ಮೊದಲ ಸ್ವರಕ್ಕೂ ಮುಂಚೆಯೇ ಏನನ್ನೋ ಹೇಳಿರುತ್ತದೆ ಎಂಬುದೂ ನಿಜ. ವೇಷದ ಕಿರೀಟವನ್ನು ಕಂಡೇ ರಾಕ್ಷಸ ಬಂದನೆಂದು ಗದ್ದೆಯ ಆಚೆ ಕುಳಿತವರು ತಿಳಿಯುವಂತೆ.

ಈ ಆಕಾರಗಳನ್ನು ಮೊದಲು ಕೈಗೆತ್ತಿಕೊಂಡವರಿಗೂ ಮೈಯೇ ಕಾರಣವಾಗಿತ್ತು ಎಂಬುದು ನನಗೆ ಬಹಳ ಹಿಡಿಸಿದ ವಿಷಯ. ಬ್ಲೂಸ್ ಗಾಯಕ ಆಲ್ಬರ್ಟ್ ಕಿಂಗ್ ಎಡಚರು. ಬಲಗೈಯವರಿಗಾಗಿ ತಂತಿ ಕಟ್ಟಿದ ಗಿಟಾರನ್ನು ಹಾಗೆಯೇ ಬುಡಮೇಲು ಮಾಡಿಕೊಂಡು, ದಪ್ಪ ತಂತಿಗಳು ಕೆಳಗೆ ಬರುವಂತೆ ಹಿಡಿದು ನುಡಿಸುತ್ತಿದ್ದರು. ಸಾಮಾನ್ಯ ಗಿಟಾರನ್ನು ಹಾಗೆ ತಿರುಗಿಸಿದರೆ, ಕುತ್ತಿಗೆಯಲ್ಲಿ ಒಡಲಿಗೆ ಹತ್ತಿರವಿರುವ ಲೋಹದ ಮೆಟ್ಟಿಲುಗಳಿಗೆ, ಅಂದರೆ ಮೇಲಿನ ಫ್ರೆಟ್‌ಗಳಿಗೆ ಕೈ ಹೋಗಲೆಂದು ಕೊರೆದ ಜಾಗ ತಪ್ಪು ಬದಿಗೆ ಬರುತ್ತದೆ. ವಿಯ ಎರಡೂ ರೆಕ್ಕೆಗಳು ಒಂದೇ ಸಮ; ಯಾವ ಕಡೆಯಿಂದ ಹಿಡಿದರೂ ಇಪ್ಪತ್ತೆರಡನೆಯ ಫ್ರೆಟ್‌ವರೆಗೆ ಬೆರಳು ಸಲೀಸಾಗಿ ಓಡುತ್ತದೆ. ಎಡಚರೇ ಆಗಿದ್ದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೂಡ 1967ರ ಹೊತ್ತಿಗೆ ಒಂದು ವಿ ಇಟ್ಟುಕೊಂಡು ಅದರ ಮೇಲೆ ತಾವೇ ಚಿತ್ತಾರ ಬಿಡಿಸಿದ್ದರು. ಇನ್ನು ರಾಕ್ ಅಂಡ್ ರೋಲ್ ಗಾಯಕ, ಗಿಟಾರ್ ವಾದಕ ಬೋ ಡಿಡ್ಲಿ. ವೇದಿಕೆಯ ಮೇಲೆ ಕುಣಿದು ಹಾರುವಾಗ ದೊಡ್ಡ ಗಿಟಾರ್ ಮೈಗೆ ತಾಗುತ್ತಿದ್ದುದರಿಂದ ಸಿಗಾರ್ ಪೆಟ್ಟಿಗೆಯಂಥ ಆಯತಾಕಾರದ ಸಣ್ಣ ಗಿಟಾರನ್ನು ಅವರು ಇಷ್ಟಪಟ್ಟರು. 1958ರಲ್ಲಿ ಗ್ರೆಚ್ ಕಂಪನಿ ಅವರಿಗಾಗಿ ಅದನ್ನು ತಯಾರಿಸಿತು.

ನನಗೆ ಎಲ್ಲರಿಗಿಂತ ಹತ್ತಿರದವರು ರಾಕ್ ಗಿಟಾರ್ ವಾದಕ ರ್‍ಯಾಂಡಿ ರೋಡ್ಸ್. 1980ರಲ್ಲಿ ಅವರು ಗಿಟಾರ್ ತಯಾರಕ ಗ್ರೋವರ್ ಜಾಕ್ಸನ್ ಅವರಿಂದ ಒಂದು ರೆಕ್ಕೆ ಉದ್ದ, ಒಂದು ರೆಕ್ಕೆ ಗಿಡ್ಡ ಇರುವ ಬಿಳಿಯ ವಿ ಮಾಡಿಸಿಕೊಂಡರು. ಅದೂ ಹಳೆಯ ವಿಯಂತೆಯೇ ಕಾಣುತ್ತದೆ ಎನಿಸಿ, ಇನ್ನಷ್ಟು ಚೂಪಾದ ಕಪ್ಪು ಗಿಟಾರ್ ಒಂದನ್ನು ಮಾಡಿಸಿದರು. 1982ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ಕೊನೆಯ ದಿನಗಳಲ್ಲಿ ಅವರ ಒಲವು ಕ್ಲಾಸಿಕಲ್ ಗಿಟಾರ್ ಕಲಿಯುವುದರ ಕಡೆಗಿತ್ತು. ಅದು ಕುಳಿತೇ ನುಡಿಸುವ, ಎಡಗಾಲನ್ನು ಸಣ್ಣ ಮಣೆಯ ಮೇಲಿಟ್ಟು ಕುತ್ತಿಗೆಯನ್ನು ಓರೆಯಾಗಿ ಮೇಲಕ್ಕೆತ್ತಿ ಹಿಡಿಯುವ ವಿದ್ಯೆ. ವಿಯನ್ನು ಕುಳಿತೇ ನುಡಿಸಬೇಕೆಂದರೆ ಇರುವ ದಾರಿಯೂ ಹೆಚ್ಚುಕಡಿಮೆ ಅದರಂಥದ್ದೇ: ಎರಡು ರೆಕ್ಕೆಗಳ ನಡುವಿನ ಕವಲನ್ನು ಬಲತೊಡೆಗೆ ಸಿಕ್ಕಿಸಿ, ಕೆಳರೆಕ್ಕೆಯನ್ನು ಕಾಲುಗಳ ನಡುವೆ ಇಳಿಬಿಟ್ಟು, ಕುತ್ತಿಗೆಯನ್ನು ಮೇಲಕ್ಕೆತ್ತಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲ ದಿನ ಹಾಗೆ ಹಿಡಿದುಕೊಂಡಾಗ, ತಿಂಗಳುಗಟ್ಟಲೆ ಹೇಳಿದರೂ ಬಾಗಿಯೇ ಇದ್ದ ಅವಳ ಬೆನ್ನು ನೆಟ್ಟಗಾದದ್ದನ್ನು ಕಂಡಿದ್ದೇನೆ.

ಕಷ್ಟಗಳೂ ಇವೆ. ಸಾಮಾನ್ಯ ಬ್ಯಾಗಿಗೆ ಇದು ಸೇರುವುದಿಲ್ಲ. ಮಳೆಗಾಲದಲ್ಲಿ ಕಡಲ ಗಾಳಿಗೆ ತಂತಿ ತುಕ್ಕು ಹಿಡಿಯುವುದು ಮಂಗಳೂರಿನ ಎಲ್ಲ ಗಿಟಾರ್‌ಗಳ ಪಾಡು, ಆದರೆ ರೆಕ್ಕೆಯ ತುದಿ ಮುರಿಯುವುದು ಇದೊಂದರದ್ದೇ. ಕೆಲವು ವರ್ಷಗಳ ಹಿಂದೆ ಮಣಿಪಾಲದ ಕಾರ್ಯಕ್ರಮವೊಂದಕ್ಕೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೊರಟಾಗ ಬಸ್ಸು ಗಕ್ಕನೆ ನಿಂತು, ಸೀಟಿನ ಕಬ್ಬಿಣಕ್ಕೆ ತಾಗಿ ಮೇಲಿನ ರೆಕ್ಕೆಯ ತುದಿ ಹೆಬ್ಬೆರಳಿನಷ್ಟು ಸಿಡಿಯಿತು. ಮರದ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡು ಮರುದಿನ ಉಡುಪಿಯಲ್ಲಿ ಗೆಳೆಯರು ಹೇಳಿದ ಹಿರಿಯ ಆಚಾರಿಯೊಬ್ಬರ ಕೊಟ್ಟಿಗೆಗೆ ಹೋದೆ. ದೇವಸ್ಥಾನದ ಬಾಗಿಲುಗಳನ್ನು ಕೆತ್ತುವವರು ಅವರು. ಅಂಟು ಹಾಕುವ ಮೊದಲು ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಎಂತ ವಾದ್ಯ ಮಾರಾಯ್ರೆ? ಕೂತುಕೊಂಡು ನುಡಿಸ್ಲಿಕ್ಕೆ ಆಗುವ ಹಾಗೆ ಇಲ್ಲವಲ್ಲ.”

“ನಿಂತೇ ನುಡಿಸುವುದು ಆಚಾರ್ರೆ” ಎಂದೆ.

ಅವರು ತೋರುಬೆರಳನ್ನು ಕುತ್ತಿಗೆಯ ಬುಡದ ಅಡಿಗೆ ತಂದು, ಕೂದಲಷ್ಟು ಕೂದಲಷ್ಟು ಮುಂದೆ ಸರಿಸಿ, ಗಿಟಾರ್ ಆ ಒಂದು ಬೆರಳಿನ ಮೇಲೆ ತಕ್ಕಡಿಯಂತೆ ನಿಲ್ಲುವ ಜಾಗವನ್ನು ಕಂಡುಹಿಡಿದರು. ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಅಲ್ಲಿ ಗೆರೆ ಎಳೆದರು. ಹೆಗಲ ಪಟ್ಟಿ ಸಿಕ್ಕಿಸುವ ಬಟನ್ ಆ ಗೆರೆಗಿಂತ ಎರಡು ಬೆರಳು ಹಿಂದೆ ಇತ್ತು.

“ತಲೆ ಭಾರ ಉಂಟು ಇದಕ್ಕೆ. ಕೈ ಬಿಟ್ಟರೆ ತಲೆ ಕೆಳಗೆ ಹೋಗ್ತದೆ, ಅಲ್ವಾ? ಬಟನ್ ಮುಂದೆ ತರ್ಲಿಕ್ಕೆ ಮರವೇ ಇಲ್ಲ ಇಲ್ಲಿ. ಪಟ್ಟಿ ಅಗಲದ್ದು ಹಾಕಿ, ಒಳಗಿನ ಬದಿ ದೊರಗು ಇರ್ಬೇಕು. ಹೆಗಲಲ್ಲಿ ಜಾರಬಾರದು.”

ನನ್ನ ಎಡಗೈ ಅಷ್ಟು ವರ್ಷಗಳಿಂದ ಆ ತಲೆಯ ಭಾರವನ್ನು ತಾಳುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಅವರು ಹೇಳಿದಂತೆ ಮೂರಂಗುಲ ಅಗಲದ, ಒಳಬದಿ ಉಜ್ಜದೆ ಬಿಟ್ಟ ಚರ್ಮದ ಪಟ್ಟಿ ಹಾಕಿಕೊಂಡ ಮೇಲೆ ಕೈ ಬಿಟ್ಟರೂ ಕುತ್ತಿಗೆ ಇದ್ದಲ್ಲಿಯೇ ನಿಲ್ಲುತ್ತದೆ, ಹೆಬ್ಬೆರಳು ಹಗುರಾಗಿ ಸೋಲೋಗಳಲ್ಲಿ ಬೆರಳುಗಳ ಓಟವೂ ಹಗುರಾಗಿದೆ. ಒಡೆದ ತುದಿ ಕೂಡಿದ ಜಾಗವನ್ನು ಈಗ ಉಗುರಿನಿಂದ ತಡವಿದರಷ್ಟೇ ಪತ್ತೆ ಹಚ್ಚಬಹುದು. ಕೆಲಸ ಮುಗಿಸಿ ಗಿಟಾರನ್ನು ನನ್ನ ಕೈಗೆ ಕೊಡುವ ಮೊದಲು ಆಚಾರಿಯವರು ಪಟ್ಟಿಯನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಮರದ ಹೊಟ್ಟಿನ ನಡುವೆ ಎರಡು ಪಾದಗಳನ್ನೂ ಅಗಲಿಸಿ ಊರಿ, ಎದೆಯನ್ನು ಸ್ವಲ್ಪ ಹಿಂದಕ್ಕೆ ತಂದು, ತಂತಿಗಳನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ಸವರಿದರು. ಅವರ ಪೆನ್ಸಿಲ್ ಗೆರೆ ಕುತ್ತಿಗೆಯ ಬುಡದಲ್ಲಿ ಇನ್ನೂ ಇದೆ, ನಾನು ಅದನ್ನು ಒರೆಸಿಲ್ಲ.