ಕಾಫಿ ಕಣದ ಪಕ್ಕ ಒಂದು ಸರ್ಫ್‌ಬೋರ್ಡ್

ಸಮುದ್ರಕ್ಕೂ ಮೂಡಿಗೆರೆಗೂ ಏನು ಸಂಬಂಧ ಅಂತ ಕೇಳುವವರನ್ನು ನಮ್ಮ ಮಾವನ ತೋಟಕ್ಕೆ ಕರೆದುಕೊಂಡು ಹೋಗಬೇಕಿತ್ತು. ಗೋಡೌನಿನ ಒಂದು ಪಕ್ಕ ಕಾಳುಮೆಣಸಿನ ಮೂಟೆಗಳು, ಇನ್ನೊಂದು ಪಕ್ಕ ಔಷಧಿ ಹೊಡೆಯುವ ಪಂಪು. ನಡುವೆ ಎರಡು ಮರದ ಸ್ಟ್ಯಾಂಡಿನ ಮೇಲೆ ಒಂಬತ್ತು ಅಡಿಗೂ ಜಾಸ್ತಿ ಉದ್ದದ ಹಳೇ ಸರ್ಫ್‌ಬೋರ್ಡ್, ಅಂದರೆ ಅಲೆ ಸವಾರಿಯ ಹಲಗೆ, ಮಲಗಿತ್ತು.

ಮಾವ ಅಂದರೆ ನನ್ನ ಸೋದರತ್ತೆಯ ಗಂಡ. ಪ್ರಾಯದಲ್ಲಿ ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವ ಕಡೆ ಕೆಲಸ ಮಾಡಿದವರು. ತಂದೆ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳಲು ಘಟ್ಟ ಹತ್ತಿ ಬಂದರು. ಆದರೆ ಕೈ ಕೆಲಸ ಮರೆಯಲಿಲ್ಲ. ಮೂಲ್ಕಿಯ ಕಡೆ ಅಲೆ ಸವಾರಿ ಮಾಡುವ ನನ್ನ ಗೆಳೆಯನೊಬ್ಬನಿಗೆ ಈ ವಿಷಯ ಹೇಳಿದ್ದೆ. ದೀಪಾವಳಿ ಕಳೆದ ಮೇಲೆ ಅವನು ಒಂದು ಬೋರ್ಡ್ ತಂದು ಮಾವನ ಕೈಗೆ ಒಪ್ಪಿಸಿ ಹೋಗಿದ್ದ. ಫೆಬ್ರವರಿಯಲ್ಲಿ ಮಾವ ಫೋನ್ ಮಾಡಿ, "ಒಣಗಿದೆ ಕಣೋ, ಇನ್ನು ಕೆಲಸ ಹಿಡಿಯಬಹುದು, ಇಬ್ಬರೂ ಬನ್ನಿ" ಅಂದರು.

ನಾನು ಹಾಸನದಿಂದ ಬೈಕಿನಲ್ಲಿ ಬೆಳಗ್ಗೆಯೇ ಹೊರಟೆ. ನೇರವಾಗಿ ಬೇಲೂರಿನ ಮೇಲೆ ಹೋಗಬಹುದಿತ್ತು. ಹಳೇಬೀಡಿನ ಕೇದಾರೇಶ್ವರ ದೇವಸ್ಥಾನವನ್ನು ಮತ್ತೆ ನೋಡಬೇಕು ಅನಿಸಿ ಆ ಕಡೆ ತಿರುಗಿದೆ. ಹೊಯ್ಸಳೇಶ್ವರದಷ್ಟು ಜನ ಅಲ್ಲಿಗೆ ಬರುವುದಿಲ್ಲ. ಬಿದ್ದುಹೋದ ಭಾಗಗಳನ್ನು ಮತ್ತೆ ಕೂಡಿಸಿ ನಿಲ್ಲಿಸಿದ ಗುಡಿ ಅದು. ಶಿಲ್ಪ ಕಳೆದುಹೋದ ಜಾಗದಲ್ಲಿ ಹೊಸ ಶಿಲ್ಪ ಕೆತ್ತಿಲ್ಲ, ಸಾದಾ ಕಲ್ಲು ಇಟ್ಟಿದ್ದಾರೆ. ಯಾವುದು ಹೊಯ್ಸಳರ ಕಾಲದ್ದು, ಯಾವುದು ಆಮೇಲಿನದ್ದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಬೇಲೂರು ದಾಟಿ ಮೂಡಿಗೆರೆ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಕಡೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ರೊಬಸ್ಟಾ ಕೊಯ್ಲು ನಡೆಯುತ್ತಿತ್ತು. ಪ್ರತಿ ತೋಟದ ಕಣದಲ್ಲೂ ಹಣ್ಣು ಹರಡಿದ್ದರು. ನಾನು ಹೋಗುವಷ್ಟರಲ್ಲಿ ಗೆಳೆಯ ಚಾರ್ಮಾಡಿ ಹತ್ತಿ ಬಂದು, ಅತ್ತೆ ಕೊಟ್ಟ ಕಡುಬು ತಿನ್ನುತ್ತಾ ಕೂತಿದ್ದ.

ಬೋರ್ಡಿನ ಕಥೆ ಅವನಿಗೆ ಪೂರ್ತಿ ಗೊತ್ತಿಲ್ಲ. ಯಾರೋ ವಿದೇಶಿ ಪ್ರವಾಸಿ ಗೋಕರ್ಣದ ಕಡೆ ಬಿಟ್ಟುಹೋದದ್ದಂತೆ. ಕೈಯಿಂದ ಕೈಗೆ ದಾಟಿ, ಯಾರದೋ ಹಿತ್ತಲಲ್ಲಿ ಬಿದ್ದಿದ್ದು, ಕೊನೆಗೆ ಇವನಿಗೆ ಸಿಕ್ಕಿತು. ಆದರೆ ಬೋರ್ಡೇ ತನ್ನ ವಯಸ್ಸು ಹೇಳುತ್ತದೆ. ಬಾಲದ ಹತ್ತಿರ ಹಗ್ಗ ಕಟ್ಟುವ ತೂತು ಇಲ್ಲ. ಸವಾರನ ಕಾಲಿಗೂ ಬೋರ್ಡಿಗೂ ಕಟ್ಟುವ ಲೀಶ್ ಬಳಕೆಗೆ ಬಂದದ್ದು 1970ರ ದಶಕದ ಶುರುವಿನಲ್ಲಿ. ಅದಕ್ಕೂ ಮೊದಲು ಸವಾರ ಬಿದ್ದರೆ ಬೋರ್ಡ್ ತನ್ನ ಪಾಡಿಗೆ ಹೋಗಿ ಬಂಡೆಗೆ ಬಡಿಯುತ್ತಿತ್ತು. ಇದರ ಮೂತಿ ನೋಡಿದರೆ ಅಂಥ ಪೆಟ್ಟು ಎಷ್ಟು ತಿಂದಿದೆ ಅಂತ ಗೊತ್ತಾಗುತ್ತದೆ. ಕೆಳಗಡೆ ಮೀನಿನ ರೆಕ್ಕೆಯಂಥ ಒಂದೇ ಒಂದು ಮರದ ಫಿನ್, ಅದೂ ಬೋರ್ಡಿಗೇ ಅಂಟಿಸಿದ್ದು. ಮೂರು ಫಿನ್ನಿನ ಬೋರ್ಡನ್ನು ಆಸ್ಟ್ರೇಲಿಯಾದ ಸವಾರ ಸೈಮನ್ ಆಂಡರ್ಸನ್ ಸ್ಪರ್ಧೆಗಳಲ್ಲಿ ಗೆಲ್ಲಿಸಿ ತೋರಿಸಿದ್ದು 1981ರಲ್ಲಿ. ಇನ್ನು ಅಂಚಿನಲ್ಲಿ, ಬೋರ್ಡಿಗೆ ಹೊದೆಸಿದ ಬಟ್ಟೆಯ ಪದರ ಒಂದರ ಮೇಲೊಂದು ಬಂದ ಕಡೆ ತೆಳು ಹಸಿರು ಛಾಯೆ. 1960ರ ದಶಕದಲ್ಲಿ ಜಾಸ್ತಿ ಬಳಸುತ್ತಿದ್ದ ವೋಲನ್ ಅನ್ನುವ ಗಾಜಿನ ಬಟ್ಟೆಯ, ಅಂದರೆ ಗಾಜಿನ ಎಳೆಯಲ್ಲಿ ನೇಯ್ದ ಬಟ್ಟೆಯ ಗುರುತು ಅದು.

ಒಳಗಿರುವುದು ಪಾಲಿಯುರೇಥೇನ್ ಫೋಮ್, ಮೇಲೆ ರೆಸಿನ್ ಅನ್ನುವ ಅಂಟುದ್ರವ ಕುಡಿಸಿ ಗಟ್ಟಿ ಮಾಡಿದ ಗಾಜಿನ ಬಟ್ಟೆ. ಮೊದಲೆಲ್ಲ ಇಡೀ ಬೋರ್ಡೇ ಮರದ್ದು. ಹವಾಯಿಯಲ್ಲಿ ಕೋವಾ ಮರ, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ರೆಡ್‌ವುಡ್ಡು, ಬಾಲ್ಸಾ. 1950ರ ದಶಕದ ಕೊನೆಗೆ ಅಲ್ಲಿ ಬೋರ್ಡ್ ಮಾಡುತ್ತಿದ್ದ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಫೋಮನ್ನು ಅಚ್ಚಿನಲ್ಲಿ ಹೊಯ್ದು ತೆಗೆಯುವ ಕೆಲಸ ಹಿಡಿದ ಮೇಲೆ ಬೋರ್ಡ್ ಹಗುರವಾಯಿತು, ಆಟ ಎಲ್ಲರ ಕೈಗೆ ಬಂತು. ಮುಂದೆ ಅದೇ ಕ್ಲಾರ್ಕ್‌ನ ಕಂಪನಿ 2005ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿದಾಗ ಬೋರ್ಡ್ ಮಾಡುವವರೆಲ್ಲ ಕಂಗಾಲಾಗಿದ್ದರು. ಗೆಳೆಯ ಇದನ್ನೆಲ್ಲ ಹೇಳುವಾಗ ಮಾವ ಗಮನವಿಟ್ಟು ಕೇಳಿ, "ಫೋಮ್ ಯಾವುದು ಅಂತ ಮೊದಲು ಗೊತ್ತಿರಬೇಕು ಮಾರಾಯ" ಅಂದರು. ಪಾಲಿಯೆಸ್ಟರ್ ರೆಸಿನ್ ಈ ಫೋಮಿಗೆ ಏನೂ ಮಾಡುವುದಿಲ್ಲ. ಥರ್ಮೋಕೋಲ್ ಜಾತಿಯ ಫೋಮಿಗೆ ಅದನ್ನೇ ಹಚ್ಚಿದರೆ ಫೋಮ್ ಕರಗಿ ಹೋಗುತ್ತದೆ. ಅದಕ್ಕೆ ಎಪಾಕ್ಸಿ ಅನ್ನುವ ಬೇರೆ ಜಾತಿಯ ರೆಸಿನ್ನೇ ಬೇಕು.

ನನಗೆ ಅಚ್ಚರಿಯಾದದ್ದು ಒಣಗಿಸಿದ ರೀತಿ. ಬಿರುಕಿನಿಂದ ಒಳಗೆ ಹೋದ ಉಪ್ಪುನೀರು ಫೋಮಿನಲ್ಲಿ ಕೂತುಬಿಡುತ್ತದೆ. ಅದು ಇರುವಾಗಲೇ ಮೇಲೆ ರೆಸಿನ್ ಹಾಕಿ ಮುಚ್ಚಿದರೆ ಪದರ ಹಿಡಿಯುವುದಿಲ್ಲ, ಒಳಗೇ ಕೊಳೆಯುತ್ತದೆ. ಹಾಗಂತ ಕಣದ ಬಿಸಿಲಿಗೆ ಇಡುವಂತೆಯೂ ಇಲ್ಲ. ಒಳಗಿನ ಗಾಳಿ ಕಾದು ಉಬ್ಬಿ ಗಾಜಿನ ಪದರವೇ ಬಿಟ್ಟುಕೊಳ್ಳುತ್ತದೆ. ಮಾವ ಬಿರುಕು ಕೆಳಗೆ ಬರುವ ಹಾಗೆ ಬೋರ್ಡನ್ನು ಗೋಡೌನಿನ ನೆರಳಲ್ಲಿ ನಿಲ್ಲಿಸಿದ್ದರು. ವಾರಕ್ಕೊಮ್ಮೆ ಕಾಫಿ ಮೂಟೆ ತೂಗುವ ತಕ್ಕಡಿಯಲ್ಲಿ ಅದನ್ನೂ ತೂಗಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ತೂಕ ಇಳಿಯುತ್ತಾ ಬಂದು ಒಂದು ಕಡೆ ನಿಂತಿತು. ನಿಂತ ಮೇಲೇ ನಮಗೆ ಫೋನ್ ಮಾಡಿದ್ದು. ಕರಾವಳಿಯ ಸೆಕೆ, ತೇವದಲ್ಲಿ ಇಷ್ಟು ಚೆನ್ನಾಗಿ ಒಣಗುವುದು ಕಷ್ಟ. ಮಲೆನಾಡಿನಲ್ಲಿ ಮಳೆಗಾಲ ಬಿಟ್ಟು ಚಳಿಗಾಲದ ಒಣಗಾಳಿ ಇದೆಯಲ್ಲ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಮೊದಲ ದಿನ ಹಳೇ ಮೇಣ ತೆಗೆದೆವು. ಕಾಲು ಜಾರದಿರಲಿ ಅಂತ ಸವಾರರು ಮೇಲೆ ಉಜ್ಜುವ ಮೇಣ ಅದು, ವರ್ಷಗಟ್ಟಲೆ ಮರಳು ಸೇರಿ ಕಪ್ಪಾಗಿತ್ತು. ಸ್ವಲ್ಪವೇ ಹೊತ್ತು ಎಳೆಬಿಸಿಲಿಗೆ ಇಟ್ಟು ಮೆತ್ತಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆವು. ಆಮೇಲೆ ಮಾವ ಒಂದು ನಾಣ್ಯ ಹಿಡಿದು ಬೋರ್ಡಿನ ಉದ್ದಕ್ಕೂ ಟಕ್ ಟಕ್ ಅಂತ ಬಡಿಯುತ್ತಾ ಹೋದರು. ಗಟ್ಟಿ ಇದ್ದ ಕಡೆ ಖಡಕ್ ಸದ್ದು. ಪದರ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು. ಅಂಥ ಜಾಗಕ್ಕೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದರು.

ಕೊಳೆತ ಫೋಮ್ ಕತ್ತರಿಸಿ ತೆಗೆದ ಕಡೆ ದೊಡ್ಡ ಗುಂಡಿಯೇ ಆಯಿತು. ಗೆಳೆಯ ರೆಸಿನ್ ಸುರಿದು ತುಂಬಿಸೋಣವೇ ಅಂತ ಕೇಳಿದ. ಮಾವ ಬೇಡ ಅಂದರು. ರೆಸಿನ್ ಒಂದೇ ಕಡೆ ದಪ್ಪಗೆ ನಿಂತರೆ ಗಟ್ಟಿಯಾಗುವಾಗ ವಿಪರೀತ ಬಿಸಿಯಾಗಿ ಸೀಳುತ್ತದೆ, ಸುತ್ತಲಿನ ಫೋಮನ್ನೂ ಸುಡುತ್ತದೆ. ಹೊಸ ಫೋಮಿನ ತುಂಡನ್ನು ಅಳತೆಗೆ ಕೊರೆದು ಕೂರಿಸಿದರು. ಮಂಜು ಆರಿ ಬಿಸಿಲು ಏರುವವರೆಗೆ ಕಾದು ರೆಸಿನ್ ಕಲಸಿದರು. ಚಳಿಗೆ ರೆಸಿನ್ ಗಟ್ಟಿ ಮಾಡುವ ಹಾರ್ಡ್‌ನರ್ ಬೇಗ ಕೆಲಸ ಮಾಡುವುದಿಲ್ಲ, ಬೇಗ ಆಗಲಿ ಅಂತ ಜಾಸ್ತಿ ಹಾಕಿದರೆ ಪದರ ಪೆಡಸಾಗುತ್ತದೆ. ಮೊದಲು ಚಿಕ್ಕ ತುಂಡು ಗಾಜಿನ ಬಟ್ಟೆ, ಅದರ ಮೇಲೆ ಸ್ವಲ್ಪ ದೊಡ್ಡದು. ಬಿಳಿ ಬಟ್ಟೆ ರೆಸಿನ್ ಕುಡಿಯುತ್ತಾ ಕುಡಿಯುತ್ತಾ ಕಾಣದಂತಾಗಿ, ಕೆಳಗಿನ ಹಳೇ ಮೈ ಮತ್ತೆ ಕಾಣಿಸುವುದನ್ನು ನೋಡುತ್ತಾ ನಿಂತುಬಿಟ್ಟೆ. ಗಟ್ಟಿಯಾದ ಮೇಲೆ ಉಪ್ಪು ಕಾಗದದ ಉಜ್ಜಾಟ. ಒರಟಾದ ಎಂಬತ್ತರ ನಂಬರಿನಿಂದ ಶುರುವಾಗಿ ಕೊನೆಗೆ ನಯವಾದ ವಾಟರ್ ಪೇಪರ್. ಗಾಜಿನ ಪುಡಿ ಮೈಗೆ ತಾಗಿದರೆ ನವೆ ತಡೆಯಲಾಗದು, ಮೂಗಿಗೆ ಹೋದರೆ ಇನ್ನೂ ಕೆಟ್ಟದ್ದು. ಮಾಸ್ಕು, ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಮಾವ ಯಾರನ್ನೂ ಹತ್ತಿರ ಬಿಡಲಿಲ್ಲ.

ಫಿನ್ ಅರ್ಧ ಮುರಿದಿತ್ತು. ಗೋಡೌನಿನಲ್ಲಿ ಹಳೇ ಮನೆಯ ಬಾಗಿಲುವಾಡದ ಬೀಟೆ ತುಂಡುಗಳಿದ್ದವು. ಅಷ್ಟು ಚೆಂದದ ಮರ, ಅದನ್ನೇ ಹಾಕೋಣ ಅಂತ ನಾನಂದೆ. "ಬೀಟೆಯಲ್ಲಿ ಎಣ್ಣೆ ಇದೆ ಕಣೋ. ಪಾಲಿಯೆಸ್ಟರ್ ರೆಸಿನ್ ಅದರ ಮೇಲೆ ಗಟ್ಟಿಯಾಗದೆ ಅಂಟಂಟಾಗೇ ಉಳಿಯುತ್ತೆ" ಅಂದರು. ಹಲಸಿನ ಹಲಗೆ ಆರಿಸಿದರು. ತೆಳು ಪಟ್ಟಿಗಳಾಗಿ ಸೀಳಿ, ಅಂಟಿಸಿ, ಮುರಿದ ಅಂಚಿಗೆ ಓರೆಯಾಗಿ ಜೋಡಿಸಿದರು. ಹೊಸ ಹಲಸಿನ ಹಳದಿ ಹಳೇ ಮರದ ಕಂದಿನ ಪಕ್ಕ ಎದ್ದು ಕಾಣುತ್ತಿತ್ತು.

ಬಣ್ಣದ ವಿಷಯಕ್ಕೆ ಮಾತ್ರ ಸ್ವಲ್ಪ ಚರ್ಚೆಯಾಯಿತು. ಇಡೀ ಬೋರ್ಡ್ ಬಿಸಿಲಿಗೆ ಹಳದಿಯಾಗಿತ್ತು. ಗಾಜಿನ ಕೆಳಗಿದ್ದ ಕಂಪನಿಯ ಚಿತ್ರ ಅರ್ಧ ಅಳಿಸಿತ್ತು.

"ಗೌಡ್ರೇ, ಬಿಳಿ ಪೇಂಟ್ ಹೊಡೆದು ಆ ಚಿತ್ರ ಹೊಸದಾಗಿ ಬರೆಸುವ, ಆಗುದಿಲ್ವಾ?" ಅಂದ ಗೆಳೆಯ.

"ಆಗುತ್ತೆ. ಆದರೆ ಆಮೇಲೆ ಅದು ಈ ಬೋರ್ಡ್ ಅಲ್ಲ" ಅಂದರು ಮಾವ.

ನಾನು ಕೇದಾರೇಶ್ವರದ ಸಾದಾ ಕಲ್ಲಿನ ವಿಷಯ ಹೇಳಿದೆ. ನನ್ನ ಅಭಿಪ್ರಾಯವೂ ಮಾವನದ್ದೇ. ನೀರು ನುಗ್ಗುವ ಜಾಗ ಮುಚ್ಚಬೇಕು, ಸಡಿಲವಾದದ್ದು ಬಿಗಿಯಾಗಬೇಕು, ಅಷ್ಟೇ. ವಯಸ್ಸನ್ನು ಒರೆಸಿ ಹಾಕುವ ಹಕ್ಕು ರಿಪೇರಿ ಮಾಡುವವನಿಗಿಲ್ಲ. ಹಾಗೇ ಗೋಡೆಗೆ ನೇತುಹಾಕಿ ಅಲಂಕಾರ ಮಾಡುವುದೂ ನನಗೆ ಹಿಡಿಸುವುದಿಲ್ಲ. ತೇಲಲಿಕ್ಕೆ ಮಾಡಿದ ವಸ್ತು ತೇಲಬೇಕು. ಗೆಳೆಯ ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ಕಾಫಿ ಕುಡಿಯುವಾಗ "ಹಾಗೇ ಇರಲಿ" ಅಂದ. ತೇಪೆಗಳಿಗೆ ಮಾತ್ರ ಸ್ವಲ್ಪ ಹಳದಿ ಬೆರೆಸಿದ ರೆಸಿನ್ ಹಾಕಿದರು, ಕಣ್ಣಿಗೆ ರಾಚದಷ್ಟು.

ಬೋರ್ಡನ್ನು ಕಂಬಳಿಯಲ್ಲಿ ಸುತ್ತಿ ಗೆಳೆಯನ ಪಿಕಪ್ಪಿನಲ್ಲಿ ಕಟ್ಟಿಕೊಂಡು ಇಳಿದೆವು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ. ಚಾರ್ಮಾಡಿಯಲ್ಲಿ 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದ ಗಾಯಗಳು ಇನ್ನೂ ಕಾಣುತ್ತಿದ್ದವು, ನಿಧಾನಕ್ಕೇ ಹೋಗಬೇಕಿತ್ತು. ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾಟಿ ಮೂಲ್ಕಿ ಸೇರುವಷ್ಟರಲ್ಲಿ ಸೆಕೆಗೆ ಅಂಗಿ ಒದ್ದೆ. 2004ರಲ್ಲಿ ಅಮೆರಿಕದ ಜ್ಯಾಕ್ ಹೆಬ್ನರ್ ಇಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದ ಮೇಲೆಯೇ ನಮ್ಮ ಕರಾವಳಿಯ ಹುಡುಗರು ಈ ಆಟ ಕಲಿತದ್ದು.

ಮರುದಿನ ಬೆಳಗ್ಗೆ ಸಸಿಹಿತ್ಲು. ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವ ಜಾಗ, ಅಲೆ ಸಣ್ಣದಿತ್ತು. ಉದ್ದ ಬೋರ್ಡಿಗೆ ಅಂಥ ಅಲೆಯೇ ಸಾಕು. ಗೆಳೆಯ ಕೈಯಲ್ಲಿ ಹುಟ್ಟು ಹಾಕುತ್ತಾ ಹೋಗಿ ತಿರುಗಿದ, ಎದ್ದು ನಿಂತ. ಬೋರ್ಡ್ ಅವಸರವಿಲ್ಲದೆ ದಡದವರೆಗೂ ಬಂತು. ನನಗೆ ಗಂಟಲು ಕಟ್ಟಿತು. ನೀರಿನಿಂದ ತಂದ ಬೋರ್ಡನ್ನು ಒರೆಸಿ, ತೇಪೆ ಹಾಕಿದ ಕಡೆಗಳನ್ನೆಲ್ಲ ಹೆಬ್ಬೆರಳಲ್ಲಿ ಒತ್ತಿ ನೋಡಿದೆವು. ಮೀನು ತೂಗುವ ಕಡೆ ಒಯ್ದು ತೂಗಿಸಿದೆವು. ಕೆಲಸ ಮುಗಿದ ಮೇಲೆ ಮಾವ ಗೋಡೌನಿನಲ್ಲಿ ತೂಗಿ ಬರೆದಷ್ಟೇ ಇತ್ತು, ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

ಫೋನ್ ಮಾಡಿ ಹೇಳಿದಾಗ ಮಾವನ ಹಿಂದೆ ಕಣದಲ್ಲಿ ಕಾಫಿ ಕೆದಕುವ ಸದ್ದು ಕೇಳುತ್ತಿತ್ತು. ಗೆಳೆಯ ಇನ್ನೊಂದು ಬೋರ್ಡ್ ಇದೆ ಅಂದ. "ಈಗ ಬೇಡ. ಒಣಗುವಷ್ಟರಲ್ಲಿ ಮಳೆ ಹಿಡಿಯುತ್ತೆ. ದೀಪಾವಳಿ ಕಳೆದ ಮೇಲೆ ತನ್ನಿ. ಬರುವಾಗ ಒಂದಷ್ಟು ಗಾಜಿನ ಬಟ್ಟೆನೂ ತನ್ನಿ, ಇಲ್ಲಿ ಖಾಲಿಯಾಗಿದೆ" ಅಂದರು.